ದುರಂತವೆಂದರೆ ಯಾವುದು?

ಕಾವ್ಯ, ನಾಟಕ, ಕಾದಂಬರಿಗಳನ್ನು ಪಾಠ ಹೇಳುವ ಅಧ್ಯಾಪಕರಿಗೆ ಚಿರಪರಿಚಿತವಾದ ಪ್ರಶ್ನೆಯೊಂದುಂಟು: ‘ಈ ಕೃತಿಯು ದುರಂತವೆನಿಸುವುದು ಹೇಗೆ? ವಿವರಿಸಿರಿ.’ ಇದಕ್ಕೆ ಬರುವ ಉತ್ತರವೂ ಅಷ್ಟೇ ಪರಿಚಿತವಾದುದು: ‘ಕೊನೆಯಲ್ಲಿ ನಾಯಕನು ಮರಣ ಹೊಂದುವುದರಿಂದ ಇದು ದುರಂತ ಕೃತಿಯಾಗಿದೆ.’ ಇಂಥ ಉತ್ತರಕ್ಕೆ ನಾವು ಅಂಕಗಳನ್ನು ಕೊಟ್ಟು ಮುಂದಿನ ಪುಟ ತಿರುವುತ್ತೇವೆ. ಆದರೆ ಈ ಲಕ್ಷಣವನ್ನು ಲಕ್ಷ್ಯಕ್ಕೆ ಹಚ್ಚಿ ನೋಡಿದ ಕೂಡಲೇ ಅದು ಎರಡು ಕಡೆಯಿಂದಲೂ ಕುಸಿಯುತ್ತದೆ. ನೂರು ವರ್ಷ ಬಾಳಿದ ಅಜ್ಜನೊಬ್ಬನು ಮಕ್ಕಳು ಮೊಮ್ಮಕ್ಕಳ ನಡುವೆ ಕಣ್ಣು ಮುಚ್ಚಿದನೆಂಬ ಕಥೆಯಲ್ಲಿಯೂ ಮರಣವುಂಟು. ಊರನ್ನು ಸುಲಿದ ದರೋಡೆಕೋರನು ನೇಣುಗಂಬವೇರಿದನೆಂಬ ಕಥೆಯಲ್ಲಿಯೂ ಮರಣವುಂಟು. ಇವನ್ನು ಯಾರೂ ದುರಂತವೆನ್ನರು. ಇದಕ್ಕೆ ಪ್ರತಿಯಾಗಿ, ಲೋಕದ ದುರಂತ ಕೃತಿಗಳಲ್ಲಿ ಅಗ್ರಮಾನ್ಯವೆನಿಸಿರುವ ಸೋಫೋಕ್ಲಿಸನ ‘ದೊರೆ ಈಡಿಪಸ್’ ನಾಟಕದಲ್ಲಿ ನಾಯಕನು ಸಾಯುವುದೇ ಇಲ್ಲ. ಕಣ್ಣು ಕಳೆದುಕೊಂಡು ಬದುಕಿ ಉಳಿಯುತ್ತಾನೆ. ಆದುದರಿಂದ ಮರಣವೇ ದುರಂತದ ಲಕ್ಷಣವೆಂಬುದು ಅತಿವ್ಯಾಪ್ತಿ, ಅವ್ಯಾಪ್ತಿ ಎಂಬ ಎರಡು ದೋಷಗಳಿಗೂ ಗುರಿಯಾದ ಮಾತು. ಹಾಗಾದರೆ ಕೃತಿಯೊಂದನ್ನು ದುರಂತವನ್ನಾಗಿ ಮಾಡುವುದು ಯಾವುದು? ಈ ವಿಷಯವನ್ನು ಮೂರು ಕೃತಿಗಳ ಆಧಾರದಿಂದ ವಿಚಾರಿಸುವುದು ಈ ಲೇಖನದ ಉದ್ದೇಶ.

ಪದವಿಚಾರ

ಮೊದಲು ಪದವನ್ನೇ ನೋಡೋಣ. ಪಶ್ಚಿಮದ ಈ ನಾಟಕಪ್ರಕಾರಕ್ಕೆ ನಮ್ಮಲ್ಲಿ ದುಃಖಾಂತ, ವಿಷಾದಾಂತ, ದುರಂತ, ರುದ್ರನಾಟಕ ಎಂಬ ಹೆಸರುಗಳು ಬಳಕೆಗೆ ಬಂದಿವೆ. ಮೊದಲಿನೆರಡು ಹೆಸರುಗಳು ಕೃತಿಯ ಕೊನೆಯನ್ನು ಮಾತ್ರ ಗಮನಿಸುತ್ತವೆ. ‘ರುದ್ರನಾಟಕ’ವೆಂಬುದು ಬಿ. ಎಂ. ಶ್ರೀಕಂಠಯ್ಯನವರಿಂದ ಕನ್ನಡದಲ್ಲಿ ಪ್ರಚುರವಾದ ಹೆಸರು. ಅದು ಕೊನೆಯ ಮಾತನ್ನೆತ್ತದೆ, ಇಡೀ ಕೃತಿಯ ಗಾಂಭೀರ್ಯವನ್ನೂ ಭಯಂಕರತೆಯನ್ನೂ ಸೂಚಿಸುತ್ತದೆ.

ಇನ್ನು ‘ದುರಂತ’. ‘ದುರ್’ ಎಂಬ ಉಪಸರ್ಗಕ್ಕೆ ‘ಕೆಟ್ಟ’ ಎಂಬ ಅರ್ಥವಿರುವಂತೆ ‘ಕಷ್ಟಸಾಧ್ಯ’ ಎಂಬ ಅರ್ಥವೂ ಉಂಟು. ದುರ್ಗಂಧ, ದುರ್ಮಾರ್ಗಗಳಲ್ಲಿ ಮೊದಲನೆಯದು. ದುರ್ಗಮ, ದುರ್ಲಭ, ದುಸ್ತರಗಳಲ್ಲಿ ಎರಡನೆಯದು. ಸಂಸ್ಕೃತದಲ್ಲಿ ‘ದುರಂತ’ ಶಬ್ದಕ್ಕೆ ‘ಕೆಟ್ಟ ಕೊನೆಯುಳ್ಳದ್ದು’ ಎಂಬರ್ಥದ ಜೊತೆಗೆ ‘ಕೊನೆ ಮುಟ್ಟಲು ಅಸಾಧ್ಯವಾದದ್ದು, ಪಾರವಿಲ್ಲದ್ದು’ ಎಂಬರ್ಥವೂ ಪ್ರಸಿದ್ಧವಾಗಿದೆ. ಕನ್ನಡದ ಬಳಕೆಯಲ್ಲಿ ಮೊದಲನೆಯ ಅರ್ಥವೇ ಉಳಿಯಿತು. ಪತ್ರಿಕೆಗಳಲ್ಲಿ ಬಸ್ಸು ಉರುಳಿದ ಸುದ್ದಿಗೂ ಇದೇ ಪದ. ಆದರೆ ಸಾಹಿತ್ಯವಿಚಾರದಲ್ಲಿ ಎರಡನೆಯ ಅರ್ಥವೇ ಹೆಚ್ಚು ಬೆಳಕು ನೀಡುವಂಥದು. ಕಥೆ ಮುಗಿದರೂ ಯಾವುದರ ವಿಚಾರ ಮುಗಿಯದೋ, ಯಾವುದಕ್ಕೆ ಓದುಗನು ಸುಲಭವಾಗಿ ಒಂದು ಮಾತಿನ ಸಮಾಧಾನ ಹೇಳಿ ಪುಸ್ತಕ ಮುಚ್ಚಲಾರನೋ ಅದು ದುರಂತ. ಇದು ಏಕೆ ಹೀಗೆಂಬುದನ್ನು ಮುಂದೆ ನೋಡಬಹುದು.

ಎರಡು ಗಾದೆಗಳ ನಡುವೆ

ಬೇರೆಯವರ ಕಷ್ಟವನ್ನು ಕಂಡಾಗ ನಮ್ಮ ಜನ ಹೇಳಿಕೊಳ್ಳುವ ಎರಡು ಮಾತುಗಳಿವೆ. ಒಂದು, ‘ಮಾಡಿದ್ದುಣ್ಣೋ ಮಹಾರಾಯ’. 1915ರಲ್ಲಿ ಎಂ. ಎಸ್. ಪುಟ್ಟಣ್ಣನವರು ತಮ್ಮ ಕಾದಂಬರಿಗೆ ಈ ಗಾದೆಯನ್ನೇ ಹೆಸರಾಗಿಟ್ಟರು. ಎರಡನೆಯದು, ‘ಎಲ್ಲ ಹಣೆಬರಹ’. ಮೊದಲನೆಯದರಲ್ಲಿ ನೊಂದವನೇ ಅಪರಾಧಿ. ಎರಡನೆಯದರಲ್ಲಿ ಅಪರಾಧಿ ಯಾರೂ ಇಲ್ಲ. ಎರಡರಲ್ಲಿಯೂ ಸತ್ಯಾಂಶವಿಲ್ಲದಿಲ್ಲ. ಆದರೆ ಎರಡೂ ನೋಡುವವನಿಗೆ ಒಂದೇ ಉಪಕಾರವನ್ನು ಮಾಡುತ್ತವೆ: ಅವನನ್ನು ಆ ಸ್ಥಳದಿಂದ ನೆಮ್ಮದಿಯಾಗಿ ಮನೆಗೆ ಕಳುಹಿಸುತ್ತವೆ. ತಪ್ಪು ಮಾಡಿದವನು ಅನುಭವಿಸಿದನೆಂದರೆ ಮರುಕಪಡಬೇಕಾದುದಿಲ್ಲ; ವಿಧಿ ಬರೆದುದು ನಡೆಯಿತೆಂದರೆ ಪ್ರಶ್ನಿಸಬೇಕಾದುದಿಲ್ಲ.

ಸೋಜಿಗದ ಸಂಗತಿಯೆಂದರೆ, ಕ್ರಿ. ಪೂ. ನಾಲ್ಕನೆಯ ಶತಮಾನದ ಗ್ರೀಕ್ ಮೀಮಾಂಸಕನಾದ ಅರಿಸ್ಟಾಟಲನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ದುರಂತ ನಾಟಕದ ಕಥಾವಸ್ತುವನ್ನು ವಿವೇಚಿಸುವಾಗ ಬೇರೊಂದು ದಾರಿಯಿಂದ ಇದೇ ಸ್ಥಳಕ್ಕೆ ಬರುತ್ತಾನೆ. ಕೇವಲ ಸಜ್ಜನನು ಸುಖದಿಂದ ದುಃಖಕ್ಕೆ ಬೀಳುವುದನ್ನು ತೋರಿಸಬಾರದು. ಅದು ಮನಸ್ಸಿಗೆ ಜುಗುಪ್ಸೆಯನ್ನುಂಟುಮಾಡುತ್ತದೆ. ಕಡುದುಷ್ಟನು ಬೀಳುವುದನ್ನೂ ತೋರಿಸಬಾರದು. ಅದು ನ್ಯಾಯವೆನಿಸಬಹುದಲ್ಲದೆ ಕರುಣೆಯನ್ನಾಗಲಿ ಭಯವನ್ನಾಗಲಿ ಹುಟ್ಟಿಸದು. ಉಳಿಯುವುದು ಇವರಿಬ್ಬರ ನಡುವಣ ಮನುಷ್ಯ: ಗುಣದಲ್ಲಿ ನಮಗಿಂತ ಮೇಲಾಗಿದ್ದರೂ ದೋಷರಹಿತನಲ್ಲ, ಬೀಳುವುದು ದುಷ್ಟತನದಿಂದಲ್ಲ, ಒಂದು ‘ಹಮಾರ್ತಿಯ’ದಿಂದ. ಈ ಗ್ರೀಕ್ ಪದಕ್ಕೆ ‘ಪಾಪ’ ಎಂದು ಅರ್ಥ ಹೇಳುವುದು ಸರಿಯಲ್ಲ. ಅದರ ಮೂಲದಲ್ಲಿರುವುದು ಬಿಟ್ಟ ಬಾಣ ಗುರಿಯನ್ನು ತಪ್ಪುವ ಕಲ್ಪನೆ. ಗುರಿ ಹಿಡಿದವನು ಅವನೇ, ಬಿಟ್ಟವನೂ ಅವನೇ. ಆದರೆ ಬಾಣ ನಾಟಿದ್ದು ಅವನು ಬಯಸಿದಲ್ಲಿ ಅಲ್ಲ.

ಹೀಗೆ ನೋಡಿದಾಗ ದುರಂತದ ಲಕ್ಷಣವನ್ನು ನಮ್ಮ ಮಾತಿನಲ್ಲಿಯೇ ಹೇಳಬಹುದು. ಯಾವ ಪತನಕ್ಕೆ ‘ಮಾಡಿದ್ದುಣ್ಣೋ’ ಎಂಬ ಮಾತೂ ಸಲ್ಲದೋ, ‘ಹಣೆಬರಹ’ವೆಂಬ ಮಾತೂ ಸಾಲದೋ, ಅದನ್ನು ಚಿತ್ರಿಸುವ ಕೃತಿಯೇ ದುರಂತ. ನಾಯಕನಲ್ಲಿರುವ ಯಾವ ಹಿರಿಮೆಗಾಗಿ ನಾವು ಅವನನ್ನು ಗೌರವಿಸುತ್ತೇವೆಯೋ ಆ ಹಿರಿಮೆಯೇ ಅವನನ್ನು ನಾಶದ ಕಡೆಗೆ ಒಯ್ಯಬೇಕು. ಹಿಂದಿರುಗಲು ಬಾಗಿಲೊಂದು ತೆರೆದಿರಬೇಕು. ಅವನು ತಾನಾಗಿ ಅದನ್ನು ಬಿಟ್ಟು ನಡೆಯಬೇಕು. ತಾನು ಮಾಡಿದುದೇನೆಂಬ ಅರಿವು ಅವನಿಗೇ ಉಂಟಾಗಬೇಕು.

ಈಡಿಪಸ್: ಅರಿಯುವ ಹಟ

ಕ್ರಿ. ಪೂ. ಐದನೆಯ ಶತಮಾನದ ಸೋಫೋಕ್ಲಿಸನ ನಾಟಕವನ್ನು ವಿಧಿಯ ನಾಟಕವೆಂದು ಕರೆಯುವುದು ರೂಢಿ. ತಂದೆಯನ್ನು ಕೊಂದು ತಾಯಿಯನ್ನು ವರಿಸುವನೆಂಬ ದೈವವಾಣಿಗೆ ಹೆದರಿ ಈಡಿಪಸ್ ಕಾರಿಂಥ್ ನಗರವನ್ನು ತೊರೆಯುತ್ತಾನೆ; ಅಲ್ಲಿ ತನ್ನನ್ನು ಸಾಕಿದವರನ್ನೇ ಹೆತ್ತವರೆಂದು ಅವನು ತಿಳಿದಿರುತ್ತಾನೆ. ಮೂರು ದಾರಿ ಕೂಡುವೆಡೆಯಲ್ಲಿ ಜಗಳಕ್ಕೆ ಬಂದ ಮುದುಕನೊಬ್ಬನನ್ನು ಕೊಲ್ಲುತ್ತಾನೆ. ಸ್ಫಿಂಕ್ಸ್ ಎಂಬ ವಿಕಟಜೀವಿಯ ಒಗಟನ್ನೊಡೆದು ಥೀಬ್ಸ್ ನಗರವನ್ನು ಕಾಪಾಡಿ ಅಲ್ಲಿಯ ದೊರೆಯಾಗಿ, ವಿಧವೆಯಾದ ರಾಣಿಯ ಕೈಹಿಡಿಯುತ್ತಾನೆ. ಮುದುಕನು ಅವನ ತಂದೆ ಲೇಯಸ್; ರಾಣಿ ಅವನ ತಾಯಿ ಯೊಕಾಸ್ಟ.

ಇಷ್ಟೇ ಕಥೆಯಾಗಿದ್ದರೆ ಹಣೆಬರಹವೆಂಬ ಗಾದೆಯೇ ಸಾಕಾಗುತ್ತಿತ್ತು. ಆದರೆ ಸೋಫೋಕ್ಲಿಸನು ಇವಾವುದನ್ನೂ ರಂಗದ ಮೇಲೆ ತರುವುದಿಲ್ಲ. ಇವೆಲ್ಲ ನಾಟಕ ಮೊದಲಾಗುವುದಕ್ಕೆ ಮುಂಚೆಯೇ ನಡೆದುಹೋಗಿವೆ. ರಂಗದ ಮೇಲೆ ನಡೆಯುವುದು ವಿಚಾರಣೆ. ಊರಿಗೆ ಮಾರಿಬೇನೆ ಬಂದಿದೆ. ಹಿಂದಿನ ದೊರೆಯನ್ನು ಕೊಂದವನು ಊರಲ್ಲಿರುವುದೇ ಅದಕ್ಕೆ ಕಾರಣವೆಂದು ದೈವವಾಣಿಯಾಗಿದೆ. ಕೊಲೆಗಾರನನ್ನು ಹುಡುಕಿಯೇ ತೀರುತ್ತೇನೆಂದು ಈಡಿಪಸ್ ಪ್ರಜೆಗಳ ಮುಂದೆ ನುಡಿಯುತ್ತಾನೆ. ಕುರುಡ ಪ್ರವಾದಿ ಟೈರೀಸಿಯಸ್ ‘ಕೇಳಬೇಡ’ವೆನ್ನುತ್ತಾನೆ. ಸತ್ಯವನ್ನು ಅವನಿಗಿಂತ ಮೊದಲೇ ಕಂಡುಕೊಂಡ ಯೊಕಾಸ್ಟ ವಿಚಾರಣೆಯನ್ನು ನಿಲ್ಲಿಸೆಂದು ಅಂಗಲಾಚುತ್ತಾಳೆ. ನಿಜವನ್ನು ಬಲ್ಲ ಮುದಿ ಕುರುಬನು ಬಾಯಿ ಬಿಡಲೊಲ್ಲನು. ಮೂರು ಬಾರಿ ಬಾಗಿಲು ತೆರೆಯುತ್ತದೆ. ಮೂರು ಬಾರಿಯೂ ಈಡಿಪಸ್ ಅದನ್ನು ದಾಟಿ ಮುಂದೆ ನಡೆಯುತ್ತಾನೆ.

ಅವನು ನಿಲ್ಲಿಸಬಹುದಾಗಿತ್ತು. ಬಂದ ಕಾರ್ಯವನ್ನು ಕೊನೆಯ ತನಕ ನಡೆಸದೆ ಬಿಡುವ ಸಾಮಾನ್ಯ ದೊರೆಯಾಗಿದ್ದರೆ ನಿಲ್ಲಿಸುತ್ತಿದ್ದನು. ಒಗಟನ್ನೊಡೆದು ಊರನ್ನುಳಿಸಿದ ಆ ಬುದ್ಧಿ, ಪ್ರಜೆಗಳ ನೋವನ್ನು ತನ್ನ ನೋವೆಂದು ಬಗೆದ ಆ ಹೊಣೆಗಾರಿಕೆ, ಇವೇ ಅವನನ್ನು ನಿಲ್ಲಗೊಡುವುದಿಲ್ಲ. ಕೊನೆಯಲ್ಲಿ ಯೊಕಾಸ್ಟ ನೇಣು ಹಾಕಿಕೊಂಡಾಗ ಅವಳ ಉಡುಗೆಯ ಚಿನ್ನದ ಪಿನ್ನುಗಳಿಂದಲೇ ಅವನು ತನ್ನ ಕಣ್ಣುಗಳನ್ನು ಇರಿದುಕೊಳ್ಳುತ್ತಾನೆ. ಆಗಲೂ ಕೇಡಿಗೆ ದೈವವನ್ನು ಕಾರಣವಾಗಿ ಹೇಳುತ್ತಲೇ ಕಣ್ಣನ್ನಿರಿದ ಕೈಯನ್ನು ತನ್ನದೆಂದು ಒಪ್ಪಿಕೊಳ್ಳುತ್ತಾನೆ. ವಿಧಿ ಮತ್ತು ಹೊಣೆ ಎರಡನ್ನೂ ಒಟ್ಟಿಗೆ ಹೊರುವ ಈ ಮನುಷ್ಯನನ್ನು ಎರಡು ಗಾದೆಗಳಲ್ಲಿ ಯಾವುದಕ್ಕೂ ಒಪ್ಪಿಸಿಬಿಡಲಾಗದು.

ಕರುಣರಸವೂ ದುರಂತವೂ

ಇಲ್ಲಿ ನಮ್ಮ ಅಲಂಕಾರಶಾಸ್ತ್ರವನ್ನು ಓದಿದವರಿಗೆ ಸಹಜವಾದ ಸಂದೇಹವೊಂದು ಏಳುತ್ತದೆ. ಕರುಣರಸವೆಂಬುದು ನಮ್ಮಲ್ಲಿ ಇದ್ದೇ ಇದೆಯಲ್ಲ. ದುರಂತವು ಅದರಿಂದ ಬೇರೆ ಹೇಗೆ? ಭರತಮುನಿಯು ಕರುಣಕ್ಕೆ ಶೋಕವನ್ನು ಸ್ಥಾಯಿಯನ್ನಾಗಿ ಹೇಳಿ, ವಿಪ್ರಲಂಭಕ್ಕೂ ಕರುಣಕ್ಕೂ ಇರುವ ಭೇದವನ್ನು ಬಹಳ ಸೂಕ್ಷ್ಮವಾಗಿ ಗುರುತಿಸಿದ್ದಾನೆ: ಮತ್ತೆ ಕೂಡುವ ಆಸೆಯುಳ್ಳ ದುಃಖ ವಿಪ್ರಲಂಭ, ಆಸೆಯೇ ಇಲ್ಲದ ದುಃಖ ಕರುಣ. ಧ್ವನ್ಯಾಲೋಕವನ್ನು ರಚಿಸಿದ ಆನಂದವರ್ಧನನು ರಾಮಾಯಣದ ಅಂಗಿರಸವು ಕರುಣವೆಂದೇ ನಿರ್ಣಯಿಸಿದ್ದಾನೆ. ಹೀಗಿರುವಾಗ ನಮ್ಮವರು ದುಃಖವನ್ನು ಕಾಣದವರೆಂದು ಹೇಳುವುದು ಅನ್ಯಾಯ. ಆದರೆ ಕರುಣವು ಕೇಳುವುದು ‘ಎಷ್ಟು ಕಳೆದುಹೋಯಿತು?’ ಎಂದು; ದುರಂತವು ಅದರೊಡನೆ ‘ಇದು ಹೇಗಾಯಿತು, ಯಾರಿಂದಾಯಿತು?’ ಎಂದೂ ಕೇಳುತ್ತದೆ. ಕರುಣಕ್ಕೆ ನಷ್ಟವೊಂದಿದ್ದರೆ ಸಾಕು. ದುರಂತಕ್ಕೆ ನಷ್ಟದ ಹಿಂದೆ ಮಾನವನ ಆಯ್ಕೆಯೊಂದು ಬೇಕು.

ರಂಗದ ಮೇಲೆ ಮರಣವನ್ನೂ ಯುದ್ಧವನ್ನೂ ತೋರಿಸಬಾರದೆಂಬ ನಾಟ್ಯಶಾಸ್ತ್ರದ ನಿಯಮದಿಂದಲೇ ನಮ್ಮಲ್ಲಿ ದುರಂತ ಬೆಳೆಯಲಿಲ್ಲವೆಂದು ಹೇಳುವವರುಂಟು. ಇದು ಪೂರ್ತಿ ಒಪ್ಪತಕ್ಕ ಮಾತಲ್ಲ. ಈಡಿಪಸ್ ನಾಟಕದಲ್ಲಿಯೂ ಯೊಕಾಸ್ಟಳ ಸಾವು, ಕಣ್ಣಿನ ಇರಿತ ಎರಡೂ ನಡೆಯುವುದು ಅರಮನೆಯ ಒಳಗೆ. ರಂಗಕ್ಕೆ ಬರುವುದು ಅವುಗಳ ವಾರ್ತೆ ಮಾತ್ರ. ಭೇದವಿರುವುದು ತೋರಿಸುವ ವಿಧಾನದಲ್ಲಲ್ಲ, ಕಥೆಯ ಒಳಗಟ್ಟಿನಲ್ಲಿ.

ರಾಘವಾಂಕ ಕವಿಯ ಹರಿಶ್ಚಂದ್ರಕಾವ್ಯವನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು. ರಾಜ್ಯ ಹೋಯಿತು, ಮಡದಿ ಮಗನನ್ನು ಮಾರಿದ್ದಾಯಿತು, ತಾನು ವೀರಬಾಹುಕನ ಆಳಾಗಿ ಸುಡುಗಾಡು ಕಾಯ್ದದ್ದಾಯಿತು, ಹಾವು ಕಚ್ಚಿ ಲೋಹಿತಾಶ್ವನು ಸತ್ತದ್ದಾಯಿತು, ಕೊನೆಗೆ ಚಂದ್ರಮತಿಯ ಕೊರಳಿಗೆ ಕತ್ತಿಯೆತ್ತುವ ಗಳಿಗೆಯೂ ಬಂತು. ಶೋಕದ ಪ್ರಮಾಣದಲ್ಲಿ ಇದು ಯಾವ ಗ್ರೀಕ್ ನಾಟಕಕ್ಕೂ ಕಡಿಮೆಯದಲ್ಲ. ಲೋಹಿತಾಶ್ವನಿಗಾಗಿ ಚಂದ್ರಮತಿ ಗೋಳಾಡುವ ಭಾಗವನ್ನು ಕೇಳಿ ಕಣ್ಣೀರಿಡದ ಗಮಕಸಭೆಯಿಲ್ಲ. ಆದರೂ ಅದು ದುರಂತವಲ್ಲ. ಇದು ವಸಿಷ್ಠ ವಿಶ್ವಾಮಿತ್ರರ ಪಣದಿಂದ ಹುಟ್ಟಿದ ಪರೀಕ್ಷೆಯೆಂದು ನಮಗೆ ಮೊದಲೇ ತಿಳಿದಿದೆ. ಹರಿಶ್ಚಂದ್ರನ ಸತ್ಯವು ಅವನಿಗೆ ಕಷ್ಟವನ್ನು ತಂದರೂ ಅವನನ್ನು ಕೆಡಿಸುವುದಿಲ್ಲ. ಅವನ ಗುಣವೇ ಕೊನೆಗೆ ಅವನ ರಕ್ಷೆ. ವಿಶ್ವನಾಥನು ಮೈದೋರಿದೊಡನೆ ಕಳೆದುದೆಲ್ಲ ಮರಳಿ ಬರುತ್ತದೆ. ಇದರಿಂದ ಕಾವ್ಯದ ಬೆಲೆ ಕಡಿಮೆಯಾಗುವುದಿಲ್ಲ. ಲೋಕದ ಮೂಲದಲ್ಲಿ ನ್ಯಾಯವಿದೆಯೆಂಬ ಭರವಸೆಯನ್ನು ಕೊಡುವುದು ಆ ಕಾವ್ಯದ ಕೆಲಸ. ಆ ಭರವಸೆ ಕೈಗೆ ಸಿಗದ ಸ್ಥಳದಲ್ಲಿ ಮನುಷ್ಯನು ಹೇಗೆ ನಿಲ್ಲುತ್ತಾನೆಂಬುದನ್ನು ತೋರುವುದು ದುರಂತದ ಕೆಲಸ.

ರನ್ನನ ದುರ್ಯೋಧನ

ಅಂಥ ಸ್ಥಳ ನಮ್ಮ ಪ್ರಾಚೀನ ಕಾವ್ಯದಲ್ಲಿ ಇಲ್ಲದಿಲ್ಲ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿದ್ದ ರನ್ನಕವಿಯ ‘ಗದಾಯುದ್ಧ’ದ ನಾಯಕ ಭೀಮ, ಆಶ್ರಯದಾತನಾದ ಚಾಲುಕ್ಯ ಸತ್ಯಾಶ್ರಯನನ್ನು ಕವಿ ಭೀಮನೊಡನೆ ಸಮೀಕರಿಸಿದ್ದಾನೆ. ಆದರೂ ಕಾವ್ಯವನ್ನೋದಿ ಮುಗಿಸಿದಾಗ ನಮ್ಮ ಮನಸ್ಸಿನಲ್ಲಿ ನಿಲ್ಲುವವನು ಪ್ರತಿನಾಯಕನಾದ ದುರ್ಯೋಧನನೇ. ಇದನ್ನು ಗುರುತಿಸಿಯೇ ಬಿ. ಎಂ. ಶ್ರೀಯವರು 1926ರಲ್ಲಿ ಈ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಆಗಿ ಅಳವಡಿಸಿ ದುರ್ಯೋಧನನನ್ನು ರುದ್ರನಾಯಕನ ಪೀಠದಲ್ಲಿ ಕೂರಿಸಿದರು. ಅನಂತರ ಸೋಫೋಕ್ಲಿಸನ ‘ಏಜಾಕ್ಸ್’ ನಾಟಕವನ್ನು ಆಧರಿಸಿ ‘ಅಶ್ವತ್ಥಾಮನ್’ ರಚಿಸಿದರು.

ಅರಗಿನ ಮನೆ, ಕಪಟದ್ಯೂತ, ದ್ರೌಪದಿಯ ಮಾನಭಂಗ, ಇವುಗಳನ್ನು ಬಲ್ಲವನು ದುರ್ಯೋಧನನ ವಿಷಯದಲ್ಲಿ ‘ಮಾಡಿದ್ದುಣ್ಣೋ’ ಎನ್ನಲು ಏಕೆ ಹಿಂಜರಿಯಬೇಕು? ರನ್ನನು ಈ ಅಪರಾಧಗಳನ್ನು ಮರೆಸುವುದಿಲ್ಲ; ಭೀಮನ ಬಾಯಿಂದ ಮತ್ತೆ ಮತ್ತೆ ನೆನಪಿಸುತ್ತಾನೆ. ಆದರೆ ಅದೇ ಹೊತ್ತಿಗೆ ಅವನನ್ನು ಸಂಜಯನೊಡನೆ ರಣಭೂಮಿಯಲ್ಲಿ ನಡೆಸುತ್ತಾನೆ. ಗುರು ದ್ರೋಣನ ಕಳೇಬರ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ ಒಬ್ಬೊಬ್ಬರಾಗಿ ಅವನ ಕಾಲಿಗೆ ಎದುರಾಗುತ್ತಾರೆ. ಎಲ್ಲದರಲ್ಲಿಯೂ ಅಣ್ಣನ ಹಿಂದೆ ಬಂದ ತಮ್ಮನು ಸಾವಿನಲ್ಲಿ ಮಾತ್ರ ಮುಂದಾದನಲ್ಲಾ ಎಂದು ಅವನು ಅಳಲುತ್ತಾನೆ. ಕರ್ಣನ ಹುಟ್ಟಿನ ಗುಟ್ಟನ್ನು ತಾನು ಬಲ್ಲೆನೆಂದು ಅವನ ಶವದ ಮುಂದೆ ಒಪ್ಪಿಕೊಳ್ಳುತ್ತಾನೆ. ವೈರಿಯ ಮಗನಾದ ಅಭಿಮನ್ಯುವಿನ ದೇಹವನ್ನು ಕಂಡು ಕೈಮುಗಿದು, ತನಗೂ ಅಂಥ ಸಾವು ಬರಲೆಂದು ಹಾರೈಸುತ್ತಾನೆ. ಹಗೆಯ ಮಗನಲ್ಲಿಯೂ ಗುಣ ಕಂಡು ತಲೆಬಾಗುವವನನ್ನು ಕೇವಲ ದುಷ್ಟನೆಂದು ಹೇಗೆ ಹೇಳುವುದು?

ಇಲ್ಲಿಯೂ ಬಾಗಿಲು ತೆರೆದಿದೆ. ಧೃತರಾಷ್ಟ್ರ ಗಾಂಧಾರಿಯರು ಬಂದು ಸಂಧಿಗೆ ಒಪ್ಪೆಂದು ಬೇಡಿಕೊಳ್ಳುತ್ತಾರೆ. ಶರಶಯ್ಯೆಯ ಭೀಷ್ಮನೂ ಅದನ್ನೇ ಹೇಳುತ್ತಾನೆ. ಒಪ್ಪಿದ್ದರೆ ಪ್ರಾಣವುಳಿಯುತ್ತಿತ್ತು, ಅರ್ಧರಾಜ್ಯವೂ ದೊರೆಯುತ್ತಿತ್ತು. ಅವನು ಒಪ್ಪಲಾರನು, ಈಗ ಅವನಿಗೆ ಬೇಕಾದುದು ರಾಜ್ಯವೇ ಅಲ್ಲ. ತನಗಾಗಿ ಸತ್ತ ತಮ್ಮಂದಿರನ್ನೂ ಕರ್ಣನನ್ನೂ ಬಿಟ್ಟು ಅವರನ್ನು ಕೊಂದವರೊಡನೆ ಕುಳಿತು ಭೂಮಿಯನ್ನು ಉಣ್ಣುವುದು ಅವನಿಂದಾಗದು. ಹಿಂದೆ ಸೂಜಿಮೊನೆಯಷ್ಟು ನೆಲವನ್ನೂ ಕೊಡದೆ ಕೇಡನ್ನು ತಂದ ಛಲ, ಇಂದು ಸತ್ತವರಿಗೆ ಎರಡು ಬಗೆಯದಿರುವ ನಿಷ್ಠೆಯಾಗಿದೆ. ಇವೆರಡೂ ಬೇರೆ ಬೇರೆ ಗುಣಗಳಲ್ಲ, ಬೇರು ಒಂದೇ. ಆ ಬೇರನ್ನು ಕಿತ್ತರೆ ಅವನ ದೋಷವೂ ಹೋಗುತ್ತದೆ, ಹಿರಿಮೆಯೂ ಹೋಗುತ್ತದೆ. ವೈಶಂಪಾಯನ ಸರೋವರದ ನೀರಿನಲ್ಲಿ ಅಡಗಿ ಕುಳಿತವನು ಭೀಮನ ಹೀಯಾಳಿಕೆಯನ್ನು ಕೇಳಿಯೂ ಸುಮ್ಮನಿದ್ದಿದ್ದರೆ ಆ ದಿನ ಕಳೆದು, ಅಶ್ವತ್ಥಾಮಾದಿಗಳ ನೆರವು ಬಂದೊದಗುತ್ತಿತ್ತು. ಸುಮ್ಮನಿರಲು ಬಲ್ಲವನಾಗಿದ್ದರೆ ಅವನು ದುರ್ಯೋಧನನಾಗುತ್ತಿರಲಿಲ್ಲ. ಅವನು ಎದ್ದು ಬರುತ್ತಾನೆ. ಆ ಏಳುವಿಕೆಯಲ್ಲಿ ಅವನ ಸೋಲು ಗೆಲವುಗಳೆರಡೂ ಇವೆ.

ಚೋಮ: ಕಿರೀಟವಿಲ್ಲದ ನಾಯಕ

ಅರಿಸ್ಟಾಟಲನು ದುರಂತದ ನಾಯಕನು ಹೆಸರಾಂತ ಮನೆತನದವನಾಗಿರಬೇಕೆಂದು ಹೇಳಿದ್ದಾನೆ. ನಮ್ಮ ಲಾಕ್ಷಣಿಕರೂ ನಾಟಕದ ನಾಯಕನು ಪ್ರಖ್ಯಾತನೂ ಉದಾತ್ತನೂ ಆಗಿರಬೇಕೆನ್ನುತ್ತಾರೆ. ಎತ್ತರದಲ್ಲಿರುವವನು ಬಿದ್ದಾಗ ಮಾತ್ರ ಬೀಳುವಿಕೆ ಕಾಣುತ್ತದೆ ಎಂಬುದು ಇದರ ತರ್ಕ. ಹಾಗಾದರೆ ನೆಲದ ಮೇಲೆ ನಿಲ್ಲಲೂ ಅನುಮತಿಯಿಲ್ಲದವನ ಕಥೆ ದುರಂತವಾಗಬಹುದೆ? ಈ ಪ್ರಶ್ನೆಗೆ ಶಿವರಾಮ ಕಾರಂತರು 1933ರಲ್ಲಿ ಪ್ರಕಟವಾದ ‘ಚೋಮನ ದುಡಿ’ಯಿಂದ ಉತ್ತರ ಕೊಟ್ಟರು. ಬಿ. ವಿ. ಕಾರಂತರ ನಿರ್ದೇಶನದಲ್ಲಿ 1975ರಲ್ಲಿ ಚಲನಚಿತ್ರವಾಗಿ ಬಂದ ಇದೇ ಕಥೆ ರಾಷ್ಟ್ರದ ಶ್ರೇಷ್ಠ ಕಥಾಚಿತ್ರವೆಂಬ ಸ್ವರ್ಣಕಮಲವನ್ನು ಪಡೆಯಿತು.

ಚೋಮನು ಅಸ್ಪೃಶ್ಯನೆಂದು ಊರಾಚೆ ಇಡಲ್ಪಟ್ಟ ಜೀತದಾಳು. ಅವನ ಆಸೆ ಒಂದೇ: ತಾನು ಗೇಣಿಗೆ ಒಂದಿಷ್ಟು ಭೂಮಿ ಹಿಡಿದು ಬೇಸಾಯ ಮಾಡಬೇಕು. ಎತ್ತುಗಳಿವೆ, ಉಳುವ ನೆಲವಿಲ್ಲ. ಒಡೆಯನಾದ ಸಂಕಪ್ಪಯ್ಯನು ಕೆಟ್ಟವನಲ್ಲ. ಕೊಡುವ ಮನಸ್ಸೂ ಇಲ್ಲದಿಲ್ಲ. ಆದರೆ ಕೀಳುಜಾತಿಯವನಿಗೆ ಗೇಣಿ ಕೊಡುವ ವಾಡಿಕೆಯಿಲ್ಲವೆಂಬ ಮನೆಯ ಹಿರಿಯರ ಮಾತನ್ನು ಅವನು ಮೀರಲಾರನು. ಕಾಫಿತೋಟದ ಸಾಲ ತೀರಿಸಲು ಹೋದ ಮಕ್ಕಳಲ್ಲಿ ಒಬ್ಬನು ಬೇನೆಬಿದ್ದು ಸಾಯುತ್ತಾನೆ, ಒಬ್ಬನು ಮತಾಂತರ ಹೊಂದಿ ದೂರವಾಗುತ್ತಾನೆ. ಮಗಳು ಬೆಳ್ಳಿ ತೋಟದಲ್ಲಿ ಬೇರೆಯವರ ಆಸೆಗೆ ಬಲಿಯಾಗುತ್ತಾಳೆ. ಕಿರಿಯ ಮಗ ನೀಲ ನೀರಿಗೆ ಬಿದ್ದಾಗ ದಡದಲ್ಲಿ ಜನರಿದ್ದರೂ ಮುಟ್ಟಬಾರದವನೆಂಬ ಕಾರಣಕ್ಕೆ ಅವನನ್ನು ಎತ್ತುವವರಿಲ್ಲ.

ಇಷ್ಟನ್ನು ಓದಿದವರು ಇದು ಸಾಮಾಜಿಕ ಅನ್ಯಾಯದ ಕಥೆ, ದುರಂತವಲ್ಲವೆಂದು ವಾದಿಸಬಹುದು. ಚೋಮನ ಪತನಕ್ಕೆ ಅವನ ಆಯ್ಕೆ ಎಲ್ಲಿ ಕಾರಣವೆಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಕಾರಂತರು ಚೋಮನನ್ನು ಬರಿಯ ಬಲಿಪಶುವನ್ನಾಗಿ ಚಿತ್ರಿಸಿದ್ದರೆ ನಮಗೆ ಮರುಕ ಮಾತ್ರ ಉಳಿಯುತ್ತಿತ್ತು. ಆದರೆ ಅವರೂ ಒಂದು ಬಾಗಿಲನ್ನು ತೆರೆಯುತ್ತಾರೆ. ಮತ ಬಿಟ್ಟರೆ ಮಿಷನಿನವರಿಂದ ಬೇಸಾಯಕ್ಕೆ ಭೂಮಿ ಸಿಗುತ್ತದೆ. ಜೀವಮಾನದ ಆಸೆ ಕೈಗೆಟುಕುವಷ್ಟು ಹತ್ತಿರ ಬಂದಿದೆ. ಚೋಮ ಮನಸ್ಸು ಗಟ್ಟಿಮಾಡಿ ಹೊರಡುತ್ತಾನೆ. ದಾರಿಯಲ್ಲಿ ತಾನು ನಂಬಿದ ಪಂಜುರ್ಲಿ ದೈವದ ನೆನಪು ಅವನನ್ನು ತಡೆಯುತ್ತದೆ, ಅವನು ಹಿಂದಿರುಗುತ್ತಾನೆ. ಯಾವ ಮತ ಮೇಲು, ಯಾವುದು ಕೀಳು ಎಂಬುದು ಇಲ್ಲಿನ ಪ್ರಶ್ನೆಯಲ್ಲ. ಏನೂ ಇಲ್ಲದ ಮನುಷ್ಯನಲ್ಲಿಯೂ ಮಾರಲಾಗದ ವಸ್ತುವೊಂದು ಇತ್ತೆಂಬುದು ಪ್ರಶ್ನೆ. ಭೂಮಿಯ ಆಸೆಯೂ ಅವನದೇ, ದೈವದ ನಿಷ್ಠೆಯೂ ಅವನದೇ. ಎರಡನ್ನೂ ಉಳಿಸಿಕೊಳ್ಳುವ ದಾರಿಯನ್ನು ಲೋಕ ಅವನಿಗೆ ಬಿಟ್ಟಿರಲಿಲ್ಲ. ಸಂಧಿಗೆ ಒಪ್ಪದ ದುರ್ಯೋಧನನಿಗೂ ದಾರಿಯಿಂದ ಹಿಂದಿರುಗಿದ ಚೋಮನಿಗೂ ಕುಲದಲ್ಲಿ, ಸಂಪತ್ತಿನಲ್ಲಿ ಆಕಾಶಪಾತಾಳದ ಅಂತರ. ಆ ಒಂದು ಗಳಿಗೆಯಲ್ಲಿ ಅಂತರವಿಲ್ಲ. ಕೊನೆಗೆ ಬೆಳ್ಳಿಯ ಸಂಗತಿಯೂ ಕಣ್ಣಿಗೆ ಬಿದ್ದಾಗ ಚೋಮನಿಗೆ ಉಳಿಯುವುದು ಅವನ ದುಡಿಯೊಂದೇ. ಅದರ ಸದ್ದಿನೊಡನೆ ಅವನ ಬದುಕು ನಿಲ್ಲುತ್ತದೆ.

ಹೀಗೆ ದುರಂತಕ್ಕೆ ಬೇಕಾದ ಎತ್ತರವು ಸಿಂಹಾಸನದ ಎತ್ತರವಲ್ಲ, ಮನಸ್ಸಿನ ಎತ್ತರವೆಂಬುದನ್ನು ಕಾರಂತರು ಸಿದ್ಧಪಡಿಸಿದರು. ‘ಪ್ರಖ್ಯಾತ’ವೆಂಬ ಲಕ್ಷಣ ಬಿದ್ದುಹೋಯಿತು, ‘ಉದಾತ್ತ’ವೆಂಬ ಲಕ್ಷಣ ಉಳಿಯಿತು.

ಒಂದು ಆಕ್ಷೇಪ

ಇನ್ನೊಂದು ಆಕ್ಷೇಪವನ್ನೂ ಎದುರಿಸಬೇಕಾಗಿದೆ. ದೈವವಾಣಿಯನ್ನು ಯಾರೂ ರದ್ದುಮಾಡಲಾರರು. ಆದರೆ ಚೋಮನ ಕಷ್ಟದ ಕಾರಣಗಳು ಮನುಷ್ಯರು ಮಾಡಿದವು, ಮನುಷ್ಯರು ತೆಗೆಯಬಲ್ಲವು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ನಿಷೇಧಿಸಿತು. ಕರ್ನಾಟಕದಲ್ಲಿ 1974ರ ಭೂಸುಧಾರಣಾ ತಿದ್ದುಪಡಿ ಶಾಸನ ಗೇಣಿದಾರನನ್ನು ಭೂಮಿಯ ಒಡೆಯನನ್ನಾಗಿ ಮಾಡಿತು. ಕಾನೂನಿನಿಂದ ಹೋಗಬಹುದಾದ ಕಷ್ಟ ದುರಂತ ಹೇಗಾದೀತು?

ಇದಕ್ಕೆ ಎರಡು ಸಮಾಧಾನಗಳಿವೆ. ಮೊದಲನೆಯದಾಗಿ, ಚೋಮನು ಗೇಣಿದಾರನೂ ಆಗಿರಲಿಲ್ಲ. ಗೇಣಿ ಸಿಗಬೇಕೆಂಬುದೇ ಅವನ ಕನಸಾಗಿತ್ತು. ಗೇಣಿದಾರನಿಗೆ ಭೂಮಿ ಕೊಡುವ ಶಾಸನದ ಬಾಗಿಲಿನಲ್ಲಿಯೂ ಅವನು ಹೊರಗೇ ನಿಲ್ಲುತ್ತಿದ್ದನು. ಎರಡನೆಯದಾಗಿ, ಕಾರಣವನ್ನು ಮುಂದೆಂದೋ ತೆಗೆಯಬಹುದೆಂಬುದು ಅಂದು ಬಿದ್ದವನ ಬೀಳುವಿಕೆಯನ್ನು ಹಗುರ ಮಾಡುವುದಿಲ್ಲ. ನಮ್ಮ ಹೊಣೆಯನ್ನು ಹೆಚ್ಚು ಮಾಡುತ್ತದೆ. ದುರಂತವು ಕರುಣೆಯ ಜೊತೆಗೆ ಭಯವನ್ನೂ ಹುಟ್ಟಿಸಬೇಕೆಂದು ಅರಿಸ್ಟಾಟಲನು ಹೇಳಿದ್ದು ಇಲ್ಲಿ ನೆನಪಾಗುತ್ತದೆ. ಈಡಿಪಸನನ್ನು ನೋಡುವಾಗ ನಮ್ಮ ಭಯ ‘ನಾನು ಅವನಂತಾದೇನು’ ಎಂಬುದು. ನೀಲನು ಮುಳುಗುವುದನ್ನು ಓದುವಾಗ ನಮ್ಮ ಭಯ ಬೇರೆ: ‘ದಡದಲ್ಲಿ ನಿಂತವರಲ್ಲಿ ನಾನೂ ಒಬ್ಬನಾಗಿದ್ದೇನೆ.’ ಈ ಭಯವನ್ನು ಹುಟ್ಟಿಸಿದ್ದು ಆಧುನಿಕ ದುರಂತದ ದೊಡ್ಡ ಸಾಧನೆ.

ಪಾಠ ಹೇಳುವವರಿಗೆ

ಇಷ್ಟು ವಿಚಾರ ಮಾಡಿದ್ದು ಕೇವಲ ಪರಿಭಾಷೆಯನ್ನು ತಿದ್ದುವುದಕ್ಕಾಗಿ ಅಲ್ಲ. ತರಗತಿಯಲ್ಲಿ ನಾವು ದುರಂತ ಕೃತಿಯನ್ನು ಹೇಗೆ ಬೋಧಿಸುತ್ತೇವೆಯೋ ಹಾಗೆಯೇ ಮಕ್ಕಳು ಮುಂದೆ ನೆರೆಮನೆಯವನ ಕಷ್ಟವನ್ನು ನೋಡುತ್ತಾರೆ. ದುರ್ಯೋಧನನಿಗೆ ತಕ್ಕ ಶಾಸ್ತಿಯಾಯಿತೆಂದು ಹೇಳಿ ಪಾಠ ಮುಗಿಸಿದರೆ, ಸಾಲದಲ್ಲಿ ಮುಳುಗಿದ ರೈತನನ್ನು ಕಂಡಾಗ ‘ಹಾಸಿಗೆಯಿದ್ದಷ್ಟು ಕಾಲು ಚಾಚಬೇಕಿತ್ತು’ ಎನ್ನುವ ಮನಸ್ಸನ್ನು ಬೆಳೆಸಿದಂತೆ. ಈಡಿಪಸನಿಗೆ ವಿಧಿ ಕಾರಣವೆಂದು ಹೇಳಿ ಮುಗಿಸಿದರೆ, ‘ಅವನ ಹಣೆಯಲ್ಲಿ ಬರೆದದ್ದು ಅಷ್ಟೆ’ ಎಂದು ಮುಂದೆ ಸಾಗುವ ಮನಸ್ಸನ್ನು ಬೆಳೆಸಿದಂತೆ. ಎರಡೂ ಬೋಧನೆಗಳು ಪರೀಕ್ಷೆಯ ದೃಷ್ಟಿಯಿಂದ ಅನುಕೂಲ. ಶಿಕ್ಷಣದ ದೃಷ್ಟಿಯಿಂದ ನಷ್ಟ.

ಆದುದರಿಂದ ದುರಂತ ಕೃತಿಯನ್ನು ಪಾಠ ಹೇಳುವಾಗ ‘ನಾಯಕನು ಹೇಗೆ ಸತ್ತನು?’ ಎಂಬ ಪ್ರಶ್ನೆಯನ್ನು ಬದಿಗಿಟ್ಟು ಮೂರು ಪ್ರಶ್ನೆಗಳನ್ನು ಮಕ್ಕಳ ಮುಂದಿಡುವುದು ಯುಕ್ತವೆನಿಸುತ್ತದೆ. ಇವನಲ್ಲಿ ಗೌರವಿಸಬೇಕಾದ ಗುಣ ಯಾವುದು? ಅದೇ ಗುಣ ಇವನನ್ನು ಎಲ್ಲಿ ಸಿಕ್ಕಿಹಾಕಿಸಿತು? ತೆರೆದಿದ್ದ ಬಾಗಿಲು ಯಾವುದು, ಅದನ್ನು ಇವನು ಏಕೆ ಹಾಯಲಿಲ್ಲ? ಮೂರನೆಯದಕ್ಕೆ ಮಕ್ಕಳು ಭಿನ್ನವಾದ ಉತ್ತರಗಳನ್ನು ಹೇಳುತ್ತಾರೆ. ಒಬ್ಬನು ದುರ್ಯೋಧನನು ಸಂಧಿಗೆ ಒಪ್ಪಬೇಕಿತ್ತೆಂದರೆ ಇನ್ನೊಬ್ಬನು ಕರ್ಣನನ್ನು ಮರೆತು ಹೇಗೆ ಒಪ್ಪುವನೆಂದು ಕೇಳುತ್ತಾನೆ. ಚೋಮನು ಭೂಮಿಯನ್ನು ಪಡೆಯಬೇಕಿತ್ತೆಂದು ಒಬ್ಬಳು ಹೇಳಿದರೆ, ಒಂದನ್ನು ಕೊಟ್ಟರೆ ಮಾತ್ರ ಇನ್ನೊಂದು ಸಿಗುವ ಸ್ಥಿತಿಗೆ ಅವನನ್ನು ತಂದವರು ಯಾರೆಂದು ಇನ್ನೊಬ್ಬಳು ಕೇಳುತ್ತಾಳೆ. ಅಧ್ಯಾಪಕನು ಇವರಲ್ಲಿ ಯಾರೊಬ್ಬರ ಪಕ್ಷವನ್ನೂ ವಹಿಸಿ ವಾದವನ್ನು ಮುಗಿಸಬಾರದು. ಗಂಟೆ ಹೊಡೆದ ಮೇಲೂ ಮಕ್ಕಳು ವಾದಿಸುತ್ತ ಹೊರಗೆ ಹೋದರೆ ಪಾಠ ಸಫಲವಾಯಿತೆಂದೇ ತಿಳಿಯಬೇಕು.

‘ದುರಂತ’ ಶಬ್ದದ ಎರಡನೆಯ ಅರ್ಥವೂ ಇದೇ. ಕೃತಿಯ ಕೊನೆಯ ಪುಟವನ್ನು ಮುಟ್ಟಬಹುದು. ವಿಚಾರದ ಕೊನೆಯನ್ನು ಮುಟ್ಟುವುದು ಕಷ್ಟ. ನಮ್ಮ ಶಾಲೆಗಳಿಂದ ಹೊರಬೀಳುವ ಮಕ್ಕಳಲ್ಲಿ ಪರರ ನೋವಿಗೆ ಬೇಗನೆ ತೀರ್ಪು ಕೊಡದಿರುವ ತಾಳ್ಮೆಯನ್ನೂ, ದಡದಲ್ಲಿ ಸುಮ್ಮನೆ ನಿಲ್ಲದಿರುವ ಧೈರ್ಯವನ್ನೂ ಇಂಥ ಕೃತಿಗಳ ಪಾಠವು ಸ್ವಲ್ಪವಾದರೂ ಬೆಳೆಸಿದರೆ, ರನ್ನನನ್ನೂ ಕಾರಂತರನ್ನೂ ಪಠ್ಯಕ್ಕೆ ಇಟ್ಟದ್ದು ಸಾರ್ಥಕ.